ತಪಸ್ಸಿಗೆ ಹಾಜರಿ ಹಾಕಿದವರು ಯಾರು?

ನಮ್ಮ ಮನೆಯ ಮಾಳಗಿ ಮೇಲೆ, ಹೆಣ್ಣುಮಕ್ಕಳು ಶಾವಿಗೆ ಒಣಹಾಕುವ ಜಾಗ ಬಿಟ್ಟು ಎರಡು ಹೆಜ್ಜೆ ಆಚೆ, ಒಂದು ಹಾಸುಗಲ್ಲಿದೆ. 2020ರ ಮಳೆಗಾಲದಿಂದ ಮರುವರ್ಷದ ಮಳೆಗಾಲದ ತನಕ, ನಡುವೆ ಕೆಲವು ತಿಂಗಳು ಬಿಟ್ಟರೆ, ಅದೇ ನನ್ನ ಮೊಮ್ಮಗಳ ಕಾಲೇಜು. ಆ ಕಲ್ಲಿನ ಮೇಲೆ ಬೇವಿನ ಗಿಡದ ಕಡೆ ಮುಖ ಮಾಡಿ ನಿಂತರೆ ಫೋನಿನಲ್ಲಿ ಎರಡು ಕಡ್ಡಿ. ಕುಂತರೆ ಒಂದು. ಎಡಕ್ಕೆ ಸರಿದರೆ ಅದೂ ಮಾಯ. ಕೆಳಗೆ ಪಡಸಾಲೆಯಲ್ಲಂತೂ ಫೋನು ಬರೀ ಗಡಿಯಾರ.

ನಮ್ಮೂರು ಸರಸಂಬಾ, ಆಳಂದ ತಾಲೂಕು. ಮಹಾರಾಷ್ಟ್ರದ ಗಡಿ ದೂರವಿಲ್ಲ. ಹೊಲದ ಕಡೆ ಹೋದಾಗ ಒಮ್ಮೊಮ್ಮೆ ಫೋನು ತಾನಾಗಿಯೇ ಆ ರಾಜ್ಯಕ್ಕೆ ಸೇರಿಕೊಂಡು ಸ್ವಾಗತದ ಮೆಸೇಜು ತೋರಿಸುತ್ತದೆ. ಎರಡು ಸರ್ಕಾರಗಳು ಇಷ್ಟು ವರ್ಷ ಗುದ್ದಾಡಿದರೂ ಮುಗಿಯದ ಗಡಿ ತಂಟೆಯನ್ನು ಟಾವರು ಒಂದು ನಿಮಿಷದಲ್ಲಿ ಮುಗಿಸಿಬಿಟ್ಟಿತು ನೋಡ್ರಿ ಎಂದು ಕಟ್ಟೆಯ ಮೇಲೆ ಕುಂತವರು ನಗುತ್ತಾರೆ. ನಾನು ನಿವೃತ್ತ ಹೆಡ್‌ಮಾಸ್ತರ. ಮೂವತ್ತೆರಡು ವರ್ಷ ಸುತ್ತಲಿನ ಪ್ರಾಥಮಿಕ ಶಾಲೆಗಳಲ್ಲಿ ಹಾಜರಿ ಕೂಗಿದವನು. ಶ್ರಾವಣದಲ್ಲಿ ಪುರಾಣ ಹಚ್ಚಿದರೆ ಓದಿ ಅರ್ಥ ಹೇಳುವ ಕೆಲಸವೂ ನನ್ನ ಪಾಲಿಗೇ ಬರುತ್ತದೆ. ಹಾಗಾಗಿ ಉಪದೇಶ ಮಾಡುವ ಚಟ ಎರಡೂ ಕಡೆಯಿಂದ ಅಂಟಿದೆ. ಈ ಬರಹ ಆ ಚಟದಿಂದ ನಾನು ತಿಂದ ಒಂದು ಪೆಟ್ಟಿನ ಕುರಿತು.

ಮೊಮ್ಮಗಳು ಆಗ ಕಲಬುರಗಿಯ ಒಂದು ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುತ್ತಿದ್ದಳು. ದೇಶದ ಮೊದಲ ಕೊರೊನಾ ಸಾವು ಆದದ್ದು ನಮ್ಮ ಕಲಬುರಗಿಯಲ್ಲೇ, 2020ರ ಮಾರ್ಚ್ ತಿಂಗಳು. ಆ ಸುದ್ದಿಯ ಬೆನ್ನಿಗೇ ಹಾಸ್ಟೆಲು ಖಾಲಿಯಾಯಿತು. ಒಂದು ಟ್ರಂಕು, ಹಾಸಿಗೆ ಸುರುಳಿ, ನೀರಿನ ಬಕೀಟಿನ ತುಂಬ ಪುಸ್ತಕ ಹೊತ್ತು ಹುಡುಗಿ ಮನೆ ಸೇರಿದಳು. ಹದಿನೈದು ದಿನದ ಸೂಟಿ ಅಂದುಕೊಂಡೆವು. ಆಮೇಲೆ ಆನ್‌ಲೈನ್ ಕ್ಲಾಸು ಶುರುವಾದವು. ಮನೆಯಲ್ಲಿ ದೊಡ್ಡ ಫೋನು ಇದ್ದದ್ದು ಒಂದೇ, ಅವರಪ್ಪಂದು. ಅವಳ ತಮ್ಮ ಹತ್ತನೇ ಇಯತ್ತೆಗೆ ಬಂದಿದ್ದ, ಅವನಿಗೂ ಫೋನಿನಲ್ಲೇ ಪಾಠ. ದಿನಕ್ಕೆ 1.5 ಜಿಬಿ. ಇಪ್ಪತ್ತೆಂಟು ದಿನದ ರಿಚಾರ್ಜಿಗೆ ಇನ್ನೂರು ರೂಪಾಯಿಯ ಆಸುಪಾಸು. ಆ ವರ್ಷ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 275 ರೂಪಾಯಿ. ಅಂದರೆ ಕೂಲಿಯವರ ಮನೆಯಲ್ಲಿ ತಿಂಗಳಿಗೆ ಹೆಚ್ಚೂಕಡಿಮೆ ಒಂದು ದಿನದ ಮೈಬೆವರು ಸೀದಾ ಟಾವರಿಗೆ. ಅಕ್ಕನ ಎರಡು ವಿಡಿಯೋ ಕ್ಲಾಸು ಮುಗಿಯುವುದರೊಳಗೆ ಆ ದಿನದ ಡಾಟಾ ಮುಗಿದು, ತಮ್ಮನ ಗಣಿತದ ಹೊತ್ತಿಗೆ ಬರೀ ಚಕ್ರ ಸುತ್ತುತ್ತಿತ್ತು. ಅವನು ಜಗಳಕ್ಕೆ ಬೀಳುತ್ತಿದ್ದ, ಅವಳು ಅಳುತ್ತಿದ್ದಳು. ನಮ್ಮ ಮನೆಯಾಕಿ ಇಬ್ಬರಿಗೂ ಸಮನಾಗಿ ಬೈಯುತ್ತಿದ್ದಳು.

ಡಾಟಾ ಇದ್ದ ದಿನವೂ ನೆಟ್ ಬರಬೇಕಲ್ಲ. ಒಂದು ಟಾವರು, ಅದರ ಕೆಳಗೆ ಅಷ್ಟೂ ಹಳ್ಳಿ. ಅದೇ ದಿನಗಳಲ್ಲಿ ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋಗಿದ್ದ ಜನ ಊರಿಗೆ ಮರಳಿದ್ದರು. ಎಲ್ಲರ ಕೈಯಲ್ಲೂ ಫೋನು, ಹೊತ್ತು ಕಳೆಯಲು ಅದೊಂದೇ ದಾರಿ. ಕರೆಂಟು ಹೋಗಿ ತುಸು ಹೊತ್ತಾದರೆ ಟಾವರಿನ ಬ್ಯಾಟರಿಯೂ ಕೈಚೆಲ್ಲುತ್ತದೆ. ಇನ್ನೊಂದು ಸೂಕ್ಷ್ಮ ನನಗೆ ಮೊಮ್ಮಗಳಿಂದಲೇ ತಿಳಿದದ್ದು: ಟಾವರಿನ ಮಾತು ಫೋನಿಗೆ ಇಳಿಯುವುದು ಸಲೀಸು, ಫೋನಿನ ಮಾತು ಟಾವರಿಗೆ ಏರುವುದು ಕಷ್ಟ. ಟಾವರಿಗೆ ಇರುವ ಬಲ ಅಂಗೈಯಗಲದ ಫೋನಿಗೆ ಎಲ್ಲಿಂದ ಬರಬೇಕು? ಅದಕ್ಕೇ ಮಾಸ್ತರರ ದನಿ ಇವಳಿಗೆ ಕೇಳುತ್ತದೆ, ಇವಳ ದನಿ ಅವರಿಗೆ ಮುಟ್ಟುವುದಿಲ್ಲ.

ಒಂದು ದಿನ ನನ್ನ ಸ್ನಾನ ತಡವಾಯಿತು. ದೇವರ ಕೋಣೆಯಲ್ಲಿ ಕುಂತು, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಕಣ್ಣಿನ ಮಟ್ಟಕ್ಕೆ ಎತ್ತಿ ದೃಷ್ಟಿ ನಿಲ್ಲಿಸುತ್ತಿದ್ದೆ. ಬೆಳಕಿಂಡಿಯಿಂದ ಮಾಳಗಿ ಕಾಣುತ್ತದೆ. ನೋಡಿದರೆ ಅಲ್ಲಿ ಇವಳು. ಎಡಗೈ ಎತ್ತಿ, ಅಂಗೈಯಲ್ಲಿ ಫೋನು ಹಿಡಿದು, ರೆಪ್ಪೆ ಬಡಿಯದೆ ನಿಂತಿದ್ದಾಳೆ. ಬಲಗೈಯಲ್ಲಿ ಸೆರಗಿನ ಹಾಗೆ ಓಢಣಿ ಹಿಡಿದು ಬಿಸಿಲಿಗೆ ಮರೆ ಮಾಡಿದ್ದಾಳೆ. ತುಟಿ ಅಲುಗುತ್ತಿದೆ. "ಸರ್, ಕೇಳಸ್ಲತದಾ ಸರ್? ಸರ್?" ನನ್ನ ಅಂಗೈಯಲ್ಲಿದ್ದವನು ಮಾತಾಡುವುದಿಲ್ಲ, ಆದರೆ ಕೇಳಿಸಿಕೊಳ್ಳುತ್ತಾನೆ ಎಂಬ ನಂಬಿಕೆ ನನಗೆ. ಅವಳ ಅಂಗೈಯಲ್ಲಿದ್ದವರು ಮಾತಾಡುತ್ತಿದ್ದರು, ಕೇಳಿಸಿಕೊಳ್ಳುತ್ತಿರಲಿಲ್ಲ. ಆವತ್ತು ನನಗೆ ಇದೊಂದು ಚೆಂದದ ಹೋಲಿಕೆಯಾಗಿ ಹೊಳೆಯಿತು ಅಷ್ಟೇ. ಮುಂದಿನ ಶ್ರಾವಣದ ಪುರಾಣದಲ್ಲಿ ಬಳಸಬಹುದು ಎಂದುಕೊಂಡೆ. ಎಂಥ ಕಲ್ಲು ಮನಸ್ಸು ನೋಡಿ.

ಅದಾಗಿ ವಾರ ಕಳೆದಿರಲಿಕ್ಕಿಲ್ಲ, ಇಂಟರ್ನಲ್ ಪರೀಕ್ಷೆಯ ಮೌಖಿಕ ಪ್ರಶ್ನೆ ಇತ್ತು. ಹೆಸರು ಕೂಗಿದರು. ಇವಳು ಉತ್ತರ ಹೇಳಿದಳು, ಪೂರ್ತಿ ಹೇಳಿದಳು, ನಾನೇ ಕೆಳಗೆ ನಿಂತು ಕೇಳಿದ್ದೇನೆ. ಅತ್ತ ಕಡೆ ಮುಟ್ಟಲಿಲ್ಲ. ಇನ್ನೊಮ್ಮೆ ಕೂಗಿದರು. ಇವಳು ಕಲ್ಲಿನ ಮೇಲೆ ತುದಿಗಾಲಲ್ಲಿ ನಿಂತು ಮತ್ತೆ ಹೇಳಿದಳು. ಗೈರುಹಾಜರಿ ಬರೆದುಕೊಂಡು ಮುಂದಿನ ಹೆಸರಿಗೆ ಹೋದರು. ಇಳಿದು ಬಂದವಳು ಫೋನನ್ನು ಜೋಳದ ಚೀಲದ ಮೇಲಿಟ್ಟು, ಗೋಡೆ ಕಡೆ ಮುಖ ಮಾಡಿ ಕುಂತಳು. ಮಧ್ಯಾಹ್ನ ಉಣ್ಣಲಿಲ್ಲ. ಸಂಜೆ ಚಹಾ ಬೇಡ ಅಂದಳು. ರಾತ್ರಿ ರೊಟ್ಟಿ ಮುರಿದು ಮುರಿದು ತಾಟಿನಲ್ಲೇ ಬಿಟ್ಟಳು. ಆಗ ನಾನು ಬಾಯಿ ಬಿಟ್ಟೆ.

"ಯವ್ವಾ, ಇದೂ ಒಂದು ತಪಸ್ಸು ಅಂತ ತಿಳಕೋ. ಕಾಯಬೇಕು. ಕಾದೋರಿಗೆ ಶಿವ ಕೈ ಬಿಡಂಗಿಲ್ಲ."

ಅವಳು ಗೋಡೆಯಿಂದ ಮುಖ ತಿರುಗಿಸದೆ ಕೇಳಿದಳು: "ಮುತ್ಯಾ, ತಪಸ್ಸು ಮಾಡೋರಿಗಿ ಹಾಜರಿ ಯಾರು ಹಾಕ್ತಿದ್ರು?"

ನನಗೆ ಉತ್ತರ ಹೊಳೆಯಲಿಲ್ಲ. ಮೂವತ್ತೆರಡು ವರ್ಷ ಹಾಜರಿ ಪುಸ್ತಕ ಬಗಲಲ್ಲಿಟ್ಟುಕೊಂಡು ಓಡಾಡಿದವನಿಗೆ, ಎಷ್ಟೋ ಶ್ರಾವಣ ತಪಸ್ಸಿನ ಕಥೆ ಹೇಳಿ ಶಾಲು ಹೊದಿಸಿಕೊಂಡವನಿಗೆ, ಈ ಎರಡನ್ನೂ ಒಂದೇ ವಾಕ್ಯದಲ್ಲಿ ಯಾರೂ ಇಟ್ಟು ಕೇಳಿರಲಿಲ್ಲ.

ಆ ರಾತ್ರಿ ಮಲಗಿ ಒಂದೊಂದೇ ತಪಸ್ಸನ್ನು ತೆಗೆದು ನೋಡಿದೆ. ಧ್ರುವ ಕಾಡಿಗೆ ಹೋದ. ಮಲತಾಯಿಯ ಮಾತು ಚುಚ್ಚಿತ್ತು ನಿಜ, ಆದರೆ ಹೆಜ್ಜೆ ಅವನದೇ. ಶಬರಿ ಕಾದಳು. ರಾಮ ಇಂಥ ದಿನದೊಳಗೆ ಬರದಿದ್ದರೆ ನಿನ್ನ ಭಕ್ತಿಗೆ ಇಷ್ಟು ಅಂಕ ಕಡಿತ ಎಂದು ಯಾರೂ ಹೆದರಿಸಿರಲಿಲ್ಲ. ಭಗೀರಥನ ತಪಸ್ಸಿಗೆ ಸೆಮಿಸ್ಟರ್ ಇರಲಿಲ್ಲ. ತಪಸ್ಸು ಕೆಡಿಸುವವರು ಇದ್ದರು, ಆದರೆ ಅದಕ್ಕೂ ಇಂದ್ರ ಖುದ್ದು ಯೋಚನೆ ಮಾಡಿ ಮೇನಕೆಯನ್ನು ಕಳಿಸಬೇಕಿತ್ತು. ನಮ್ಮೂರಲ್ಲಿ ಎರಡು ಹನಿ ಮಳೆ ಬಿದ್ದು ಕರೆಂಟು ಹೋದರೆ ಸಾಕು. ನಗೆ ಹಾಗಿರಲಿ. ನನಗೆ ಕಂಡದ್ದು ಇಷ್ಟು: ಆ ಕಥೆಗಳಲ್ಲಿ ಕಾಯುವವರು ಕಾಯುವುದನ್ನು ತಾವೇ ಆರಿಸಿಕೊಂಡಿದ್ದರು, ಮತ್ತು ಅವರು ಕಾಯುತ್ತಿದ್ದಾರೆ ಎಂಬುದು ಕಾಯಿಸುವವನಿಗೆ ಗೊತ್ತಿತ್ತು. ಮೊಮ್ಮಗಳಿಗೆ ಎರಡೂ ಇರಲಿಲ್ಲ. ಅವಳು ಕಾಯುತ್ತಿದ್ದಾಳೆ ಎನ್ನುವ ಸುದ್ದಿಯೇ ಅತ್ತ ಕಡೆ ಹೋಗಿರಲಿಲ್ಲ. ಅದಕ್ಕೆ ನಾನು ತಪಸ್ಸು ಎಂಬ ದೊಡ್ಡ ಹೆಸರು ಕೊಟ್ಟು ನನ್ನ ಊಟ ಮುಗಿಸಿ ಕೈ ತೊಳೆದುಕೊಂಡಿದ್ದೆ.

ಹಾಜರಿ ಎಂಬ ಮಾತನ್ನೇ ಹಿಡಿದು ಕುಂತೆ. ನಮ್ಮ ಸೀಮೆ 1948ರ ತನಕ ನಿಜಾಮರ ಆಳಿಕೆಯಲ್ಲಿತ್ತು. ಆ ಕಾಲದ ಶಾಲೆಗಳಲ್ಲಿ ಉರ್ದು ನಡೆಯುತ್ತಿತ್ತು. ನಮ್ಮ ಅಪ್ಪ ಕೊನೆಯವರೆಗೂ ಲೆಕ್ಕ ಮಾಡುತ್ತಿದ್ದದ್ದು ಉರ್ದು ಅಂಕಿಯಲ್ಲೇ. ನಮ್ಮ ಬಾಯಲ್ಲಿ ಇವತ್ತಿಗೂ ಹಾಜರ್, ಗೈರು, ಹಾಜರಿ ಉಳಿದಿವೆ. ಹಳೆಯ ಜನ ಆಣೆ ಇಡುವಾಗ ದೇವರನ್ನು ಹಾಜರ್-ನಾಜರ್ ಎನ್ನುತ್ತಿದ್ದರು. ಇಲ್ಲೇ ಇದ್ದಾನೆ, ನೋಡುತ್ತಿದ್ದಾನೆ ಎಂದು. ಅಂದರೆ ಹಾಜರ್ ಇರಬೇಕಾದವನು ಮೊದಲು ದೇವರು, ಆಮೇಲೆ ಮನುಷ್ಯ. ಶಾಲೆಯಲ್ಲಿ ನಾವದನ್ನು ತಿರುವುಮುರುವು ಮಾಡಿಬಿಟ್ಟೆವು. ಹುಡುಗ ಹಾಜರ್ ಇದ್ದಾನೋ ಇಲ್ಲವೋ ಎಂದು ಮಾಸ್ತರ ಬರೆಯುತ್ತಾನೆ. ಮಾಸ್ತರ ಹಾಜರ್ ಇದ್ದಾನೋ ಎಂದು ಹುಡುಗನ ಬಳಿ ಪುಸ್ತಕವಿಲ್ಲ.

ಗುರು ಎದುರಿಗಿಲ್ಲದೆ ಕಲಿಯಲಾಗುವುದೇ ಇಲ್ಲ ಎಂದು ನಾನು ಹೇಳಲಾರೆ. ಆಳಂದದ ಲಾಡ್ಲೆ ಮಶಾಯಕ ದರ್ಗಾಕ್ಕೆ ಹೋಗುವ ನಮ್ಮೂರ ಹಿರಿಯರೊಬ್ಬರು ನನಗೊಂದು ಸಂಗತಿ ಹೇಳಿದ್ದರು, ಆಮೇಲೆ ನಾನೂ ಓದಿ ತಿಳಿದುಕೊಂಡೆ. ಹದಿನಾಲ್ಕನೆಯ ಶತಮಾನದಲ್ಲಿ ಬಿಹಾರದಲ್ಲಿ ಶರಫುದ್ದೀನ್ ಮನೇರಿ ಎಂಬ ಸೂಫಿ ಗುರು ಇದ್ದರು. ಚೌಸಾ ಎಂಬಲ್ಲಿ ಅಧಿಕಾರಿಯಾಗಿದ್ದ ಅವರ ಶಿಷ್ಯನೊಬ್ಬನಿಗೆ ಕೆಲಸ ಬಿಟ್ಟು ಗುರುವಿನ ಸನ್ನಿಧಿಗೆ ಬರಲಾಗುತ್ತಿರಲಿಲ್ಲ. ಅವನ ಕೋರಿಕೆಯ ಮೇಲೆ ಗುರು ಕಾಗದ ಬರೆಯತೊಡಗಿದರು, ಒಂದಾದ ಮೇಲೊಂದು, ನೂರು ಕಾಗದ. ಅವು ಇಂದಿಗೂ ಓದಿಸಿಕೊಳ್ಳುತ್ತವೆ. ದೂರಶಿಕ್ಷಣ ಅನ್ನುವುದಕ್ಕೆ ಏಳು ನೂರು ವರ್ಷದ ಹತ್ತಿರ ವಯಸ್ಸಾಯಿತು ಅನ್ನಿ. ಆದರೆ ಒಂದು ನೋಡಬೇಕು. ಕಾಗದ ತಡವಾಗಿ ಬಂದರೂ ಇಡಿಯಾಗಿ ಬರುತ್ತದೆ. ನಡುವೆ ಒಂದು ಪದ ಅರ್ಧಕ್ಕೆ ನಿಂತು ಚಕ್ರ ಸುತ್ತುವುದಿಲ್ಲ. ಶಿಷ್ಯ ಅದನ್ನು ರಾತ್ರಿ ದೀಪದ ಮುಂದೆ ಮತ್ತೊಮ್ಮೆ ಬಿಚ್ಚಬಹುದು. ಎಲ್ಲಕ್ಕಿಂತ ಮುಖ್ಯ, ಶಿಷ್ಯನಿಗೆ ಬರಲಾಗುವುದಿಲ್ಲ ಎಂಬುದನ್ನು ಗುರು ತಿಳಿದು, ಅವನ ಸ್ಥಿತಿಗೆ ತಕ್ಕ ದಾರಿ ಹುಡುಕಿದ್ದರು. ಬಾ, ಇಲ್ಲದಿದ್ದರೆ ಗೈರು ಅನ್ನಲಿಲ್ಲ.

ಇದಕ್ಕೆ ಎದುರಾಗಿ ನಮ್ಮ ಏಕಲವ್ಯ ನೆನಪಾಗುತ್ತಾನೆ. ಮಣ್ಣಿನ ಮೂರ್ತಿಯ ಮುಂದೆ ಕಲಿತ ಹುಡುಗ. ಶಾಲೆಯಲ್ಲಿ ಈ ಕಥೆಯನ್ನು ಗುರುಭಕ್ತಿಯ ಪಾಠವಾಗಿ ನಾನೇ ಎಷ್ಟು ಸಲ ಹೇಳಿದ್ದೇನೋ. ಈಗ ಬೇರೆ ಥರ ಕಾಣುತ್ತದೆ. ಕಲಿಯುವಷ್ಟು ದಿನ ದ್ರೋಣರ ಹಾಜರಿ ಪುಸ್ತಕದಲ್ಲಿ ಏಕಲವ್ಯನ ಹೆಸರೇ ಇರಲಿಲ್ಲ. ಗುರುದಕ್ಷಿಣೆಯ ಹೊತ್ತಿಗೆ ಮಾತ್ರ ಗುರು ಖುದ್ದಾಗಿ ಎದುರಿಗೆ ನಿಂತರು. ಮೊಮ್ಮಗಳ ಕಾಲೇಜಿನಿಂದ ಫೀಸಿನ ಮೆಸೇಜು ಮಾತ್ರ ಒಂದು ಕಡ್ಡಿ ರೇಂಜಿನಲ್ಲೂ ಬಂದು ಬೀಳುತ್ತಿತ್ತು, ಅದಕ್ಕೆ ಇದನ್ನು ಹೇಳಿದೆ.

ಹಾಗಂತ ಕಲಿಸುವವರನ್ನೆಲ್ಲ ಒಂದೇ ಕಟ್ಟಿಗೆ ಕಟ್ಟಲು ನನಗೆ ಮನಸ್ಸಿಲ್ಲ. ಅವರ ಪಾಡು ನನಗೂ ಒಂದು ಸಲ ತಗುಲಿತು. ಆ ವರ್ಷ ಶ್ರಾವಣದಲ್ಲಿ ಜನ ಸೇರುವಂತಿರಲಿಲ್ಲ, ಪುರಾಣ ಹಚ್ಚಲಿಲ್ಲ. ಊರ ನಾಲ್ಕು ಮಂದಿ ಬಂದು, "ಮಾಸ್ತರ್ರೇ, ಫೋನಿನಾಗ ಓದಿ ಗ್ರೂಪಿಗಿ ಹಾಕ್ರಿ" ಅಂದರು. ಪಡಸಾಲೆಯಲ್ಲಿ ಕುಂತು, ಫೋನು ಮುಂದಿಟ್ಟುಕೊಂಡು, ಶರಣಬಸವೇಶ್ವರರ ಪುರಾಣ ಶುರು ಮಾಡಿದೆ. ಹತ್ತು ನಿಮಿಷಕ್ಕೆ ಬಾಯಿ ಒಣಗಿತು. ನಮ್ಮಲ್ಲಿ ಪುರಾಣ ಹೇಳುವವನ ಮುಂದೆ ಹೂಂಗುಟ್ಟುವವರು ಇರಲೇಬೇಕು. ಒಬ್ಬ ಮುದುಕಿ "ಹೌದಪ್ಪಾ ಹೌದು" ಅನ್ನಬೇಕು, ಮೂಲೆಯಲ್ಲಿ ಕುಂತವನು ತೂಕಡಿಸಬೇಕು, ಅವನನ್ನು ನೋಡಿ ನಾನು ದನಿ ಏರಿಸಬೇಕು. ಫೋನು ಹೂಂ ಅನ್ನುವುದಿಲ್ಲ, ತೂಕಡಿಸುವುದೂ ಇಲ್ಲ. ಮೂರನೆಯ ದಿನ ನಿಲ್ಲಿಸಿದೆ. ಕರಿಯ ಚೌಕಗಳಿಗೆ ತಿಂಗಳುಗಟ್ಟಲೆ ರಸಾಯನಶಾಸ್ತ್ರ ಹೇಳಿದ ಮಾಸ್ತರರ ಎದೆಯಲ್ಲಿ ಏನಾಗುತ್ತಿತ್ತೋ, ಅವರೇ ಬಲ್ಲರು.

ಗುರುವಿನ ಮಾತು ಬಂದಿತೆಂದು ಇನ್ನೊಂದು ಕಥೆ. ಅಫಜಲಪುರ ತಾಲೂಕಿನ ಗಾಣಗಾಪುರಕ್ಕೆ ನಾವು ಹುಣ್ಣಿಮೆಗೆ ಹೋಗುವ ಪದ್ಧತಿ. ಭೀಮಾ, ಅಮರ್ಜಾ ಕೂಡುವ ಜಾಗ, ದತ್ತನ ಕ್ಷೇತ್ರ. ಇಪ್ಪತ್ನಾಲ್ಕು ಗುರುಗಳನ್ನು ಮಾಡಿಕೊಂಡ ಅವಧೂತನ ಕಥೆ ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿದೆ. ಆ ಅವಧೂತನೇ ದತ್ತ ಎಂದು ನಮ್ಮ ಜನ ನಂಬುತ್ತಾರೆ. ಮಣ್ಣು, ಗಾಳಿ, ಜೇನುಹುಳ, ಹೆಬ್ಬಾವು ಎಲ್ಲವೂ ಅವನಿಗೆ ಗುರು. ಅದರಲ್ಲೊಬ್ಬಳು ಮದುವೆಯಾಗದ ಹುಡುಗಿ. ಮನೆಗೆ ಬೀಗರು ಬಂದಿದ್ದಾರೆ, ಒಳಗೆ ಭತ್ತ ಕುಟ್ಟುವಾಗ ಬಳೆ ಸದ್ದಾಗುತ್ತದೆ, ನಾಚಿಕೆಯಿಂದ ಒಂದೊಂದೇ ಬಳೆ ತೆಗೆದು ಕೊನೆಗೆ ಕೈಗೊಂದು ಉಳಿಸಿಕೊಳ್ಳುತ್ತಾಳೆ. ಸದ್ದು ನಿಲ್ಲುತ್ತದೆ. ಸಾಧಕ ಒಂಟಿಯಾಗಿರಬೇಕು ಎಂದು ಅವಧೂತ ಕಲಿತ. ಈ ಕಥೆಯನ್ನೂ ನಾನು ಮೊಮ್ಮಗಳಿಗೆ ಹೇಳಿದ್ದೆ, ಒಬ್ಬಳೇ ಇದ್ದರೆ ಓದು ಚೆನ್ನಾಗಿ ತಲೆಗೆ ಹತ್ತುತ್ತದೆ ಎಂದು ಸಮಾಧಾನ ಮಾಡಲು.

ಅವಳು ನಕ್ಕಳು. ಬಹಳ ದಿನಕ್ಕೆ ನಕ್ಕದ್ದು. "ನಮ್ಮ ಸರ್ ಕ್ಲಾಸ್ ಶುರು ಆಗೂಣ ಅದನ್ನೇ ಹೇಳ್ತಾರ ಮುತ್ಯಾ. ಎಲ್ಲಾರೂ ಮ್ಯೂಟ್ ಮಾಡ್ಕೋರಿ ಅಂತಾರ. ಅರವತ್ತು ಮಂದಿ, ಎಲ್ಲಾರ ಕೈಯಾಗೂ ಒಂದೊಂದೇ ಬಳಿ."

ಮೋಕ್ಷಕ್ಕೆ ಹೊರಟ ಅವಧೂತನಿಗೆ ಒಂಟಿ ಬಳೆ ಸರಿ. ಹತ್ತೊಂಬತ್ತರ ಹುಡುಗಿಗೆ ಬಳೆ ಸದ್ದು ಬೇಕು. ಪಕ್ಕದಾಕೆಯ ನೋಟ್ಸ್ ಇಣುಕಿ ನೋಡುವುದು, ತಿಳಿಯದಿದ್ದರೆ ಮೊಣಕೈಯಿಂದ ತಿವಿಯುವುದು, ಹಾಸ್ಟೆಲಿನ ಜಗುಲಿಯಲ್ಲಿ ಕುಂತು ಮಾಸ್ತರರ ನಡಿಗೆ ಅಣಕಿಸುವುದು, ಇವೆಲ್ಲ ಸೇರಿ ಓದು. ನನಗಿಂತ ಅವಳೇ ಇದನ್ನು ನಿಖರವಾಗಿ ಹೇಳಿದಳು. ಆನ್‌ಲೈನೆಂದರೆ ಅವಳಿಗೇನೂ ಮೈಲಿಗೆಯಾಗಿರಲಿಲ್ಲ. ಕ್ಲಾಸಿನಲ್ಲಿ ಕೈ ಎತ್ತಲು ಅಂಜಿಕೆ ಬರುತ್ತಿತ್ತು, ಇಲ್ಲಿ ಬರೆದು ಕೇಳಬಹುದು ಎಂದಳು. ರೆಕಾರ್ಡಿಂಗ್ ಹಾಕಿದರೆ ತಿಳಿಯದ ಜಾಗವನ್ನು ಹಿಂದೆ ಒತ್ತಿ ಮೂರು ಸಲ ಕೇಳಬಹುದು ಎಂದಳು. ಕಲಬುರಗಿಯ ಗೆಳತಿ ಅದೇ ಪಾಠವನ್ನು ಮನೆಯ ವೈಫೈಯಲ್ಲಿ ಮಲಗಿ ಕೇಳುತ್ತಾಳೆ, ನಾನು ಬಿಸಿಲಲ್ಲಿ ನಿಂತು ಅರ್ಧ ಕೇಳುತ್ತೇನೆ, ಅಂಕ ಮಾತ್ರ ಇಬ್ಬರಿಗೂ ಒಂದೇ ತಕ್ಕಡಿ ಎನ್ನುವುದು ಅವಳಿಗೆ ಉರಿಯುತ್ತಿದ್ದ ವಿಷಯ. ಅದರ ಮೇಲೆ ಊರ ಬಾಯಿ ಬೇರೆ. ಆ ಹುಡುಗಿ ದಿನಾ ಫೋನು ಹಿಡಕೊಂಡು ಮಾಳಗಿ ಮೇಲೆ ಯಾರ ಜೊತೆ ಮಾತಾಡ್ತದ ಎಂದು ಬಾವಿ ಕಡೆ ಮಾತು ಎದ್ದಿತ್ತು. ಮನೆಯಾಕಿ ಮೂರು ದಿನ ಅದನ್ನು ಮುಚ್ಚಿಟ್ಟು, ನಾಲ್ಕನೆಯ ದಿನ ಕಣ್ಣೀರು ಹಾಕಿದಳು.

ಇಂಥ ಹೊತ್ತಿನಲ್ಲಿ ನಮ್ಮ ಬಾಯಿಗೆ ತಟ್ಟನೆ ಬರುವುದು ಹಣೆಬರಹ. ಅವಳಪ್ಪನೂ ಅದನ್ನೇ ಅಂದ: "ನಮ್ಮ ಹಣಿಬರ ಇಷ್ಟೇ, ಹಳ್ಯಾಗ ಹುಟ್ಟೀವಿ." ಅವನದನ್ನು ಬೇಸರಕ್ಕೆ ಅಂದ, ನಾನು ಅದನ್ನು ಶಾಸ್ತ್ರವಾಗಿ ಅನ್ನುತ್ತಿದ್ದೆ. ನನ್ನದೇ ಹೆಚ್ಚಿನ ತಪ್ಪು. ತಪಸ್ಸು ಅಂದರೂ ಅಷ್ಟೇ, ಕರ್ಮ ಅಂದರೂ ಅಷ್ಟೇ, ಟಾವರಿನ ಕೊರತೆಯನ್ನು ಹುಡುಗಿಯ ಹಣೆಗೆ ಅಂಟಿಸುವ ಗೋಂದು. ಕಲ್ಯಾಣ ನಮ್ಮಿಂದ ದೂರವೇನಲ್ಲ, ಬೀದರ್ ಜಿಲ್ಲೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಶರಣರು ಮಾಡಿದ್ದೇನು? ಅರಿವು ಎಂಬುದು ಸಂಸ್ಕೃತ ಬಲ್ಲವರ ಅಂಗಳದಲ್ಲಿ ಮಾತ್ರ ಸಿಗುತ್ತಿತ್ತು. ಆ ಕಾಲಕ್ಕೆ ಸಂಸ್ಕೃತವೇ ರೇಂಜು. ಹುಟ್ಟಿದ ಕೇರಿಯ ಮೇಲೆ ಕಡ್ಡಿ ಎಷ್ಟು ಎಂಬುದು ತೀರ್ಮಾನವಾಗುತ್ತಿತ್ತು. ನಿಮಗೆ ಸಿಗುವುದಿಲ್ಲ, ತಾಳಿಕೊಳ್ಳಿ, ಮುಂದಿನ ಜನ್ಮದಲ್ಲಿ ನೋಡೋಣ ಎಂದು ಶರಣರು ಹೇಳಲಿಲ್ಲ. ಚಪ್ಪಲಿ ಹೊಲಿಯುವವರು, ದೋಣಿ ನಡೆಸುವವರು, ಭತ್ತ ಕುಟ್ಟುವ ಹೆಣ್ಣುಮಕ್ಕಳು ಆಡುವ ಕನ್ನಡದಲ್ಲೇ ಅರಿವಿನ ಮಾತು ಶುರು ಮಾಡಿದರು. ಟಾವರನ್ನೇ ಕೇರಿಗೆ ತಂದರು ಅನ್ನಬಹುದು. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನವರು ಇನ್ನಷ್ಟು ಮುಂದೆ ಹೋದರು. ಅವರ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಹೇಬರೂ ಇದ್ದರು, ಖೈನೂರ ಕೃಷ್ಣಪ್ಪನವರೂ ಇದ್ದರು. ಪುಸ್ತಕ ಕಾಣದವರ ನಡುವೆ ತತ್ವಪದ ಏಕತಾರಿಯ ಮೇಲೆ, ಬಾಯಿಂದ ಕಿವಿಗೆ, ಊರಿಂದೂರಿಗೆ ಹರಿಯಿತು. ನಡುವೆ ಕಡಿದುಹೋಗಲಿಲ್ಲ.

ಕಲಿಯುವವರ ಕೊರತೆ ನೀಗಿಸುವ ಹೊಣೆಯನ್ನು ರಾಜರೂ ಅರಿತಿದ್ದರು. ಚಿತ್ತಾಪುರದ ಮಗ್ಗುಲಲ್ಲಿ ನಾಗಾವಿ ಇದೆ, ಚಾಲುಕ್ಯರ ಕಾಲದ ಘಟಿಕಾಸ್ಥಾನ, ಅಂದರೆ ವಿದ್ಯಾಕೇಂದ್ರ. ಹನ್ನೊಂದನೆಯ ಶತಮಾನದ ಶಾಸನದಲ್ಲಿ ಓದುವವರಿಗೆ ಊಟ ವಸತಿಯ ಏರ್ಪಾಡಿದೆ, ಕಲಿಸುವವರಿಗೂ ಪುಸ್ತಕ ಕಾಯುವ ಸರಸ್ವತೀ ಭಂಡಾರಿಗಳಿಗೂ ಉಂಬಳಿ ಇದೆ. ಆ ಓದು ಎಲ್ಲ ಕೇರಿಗೂ ತೆರೆದಿರಲಿಲ್ಲ, ಅದನ್ನು ಮರೆಮಾಚಬಾರದು. ಆದರೆ ಕಲಿ ಎಂದು ಹೇಳಿದ ಮೇಲೆ ಅದಕ್ಕೆ ಬೇಕಾದ ಅನ್ನ, ಸೂರು, ಪುಸ್ತಕ ಒದಗಿಸುವುದು ಹೇಳಿದವನ ಹೊಣೆ ಎಂಬ ಲೆಕ್ಕ ಆ ಕಲ್ಲಿನ ಮೇಲೆ ಸ್ಪಷ್ಟವಾಗಿದೆ.

ನಮ್ಮ ಕಾಲದ ಲೆಕ್ಕವೂ ಇದೆ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಯ ಮನೆಗಳಲ್ಲಿ ಇಂಟರ್ನೆಟ್ ಸೌಲಭ್ಯ ಇದ್ದದ್ದು ನೂರಕ್ಕೆ ಹದಿನೈದರಷ್ಟು, ಪಟ್ಟಣಗಳಲ್ಲಿ ನಲವತ್ತೆರಡು. ಎರಡು ವರ್ಷದಲ್ಲಿ ಅದರ ಮೇಲೆ ಇಡೀ ವಿದ್ಯೆಯನ್ನು ಹೊರಿಸಿದೆವು. 2019ರಲ್ಲೇ ಕೇರಳದ ಹೈಕೋರ್ಟು ಇಂಟರ್ನೆಟ್ ಬಳಸುವುದು ಶಿಕ್ಷಣದ ಹಕ್ಕಿನೊಳಗೇ ಬರುತ್ತದೆ ಎಂದಿತ್ತು. 2020ರ ಜುಲೈಯಲ್ಲಿ, ಐದನೇ ತರಗತಿಯವರೆಗೆ ಆನ್‌ಲೈನ್ ಪಾಠ ಬೇಡ ಎಂದಿದ್ದ ಸರ್ಕಾರದ ಆದೇಶಕ್ಕೆ ನಮ್ಮ ಹೈಕೋರ್ಟು ತಡೆ ಕೊಟ್ಟಿತು. ಹಕ್ಕು ಎಂಬ ಮಾತು ಬೆಂಗಳೂರಿನ ತನಕ ಬಂದಿತ್ತು. ಮಾಳಗಿಯ ಕಲ್ಲಿನ ತನಕ ಬಂದಿರಲಿಲ್ಲ.

2021ರ ಜೂನ್‌ನಲ್ಲಿ ಪತ್ರಿಕೆಯಲ್ಲಿ ಒಂದು ಫೋಟೋ ಬಂತು. ಸುಳ್ಯ ತಾಲೂಕಿನ ಗುತ್ತಿಗಾರಿನ ಕಡೆಯ ಹಳ್ಳಿ, ಧೋ ಎನ್ನುವ ಮಳೆ, ರಸ್ತೆ ಬದಿ ಕುಂತು ಫೋನಿನಲ್ಲಿ ಪಾಠ ಕೇಳುವ ಹುಡುಗಿ, ತಲೆ ಮೇಲೆ ಛತ್ರಿ ಹಿಡಿದು ನಿಂತ ಅಪ್ಪ. ಮನೆಯಲ್ಲಿ ರೇಂಜಿಲ್ಲದ್ದಕ್ಕೆ ಅಲ್ಲಿ. ಜನ ಆ ಅಪ್ಪನನ್ನು ಕೊಂಡಾಡಿದರು, ಹುಡುಗಿಯ ಛಲವನ್ನು ಕೊಂಡಾಡಿದರು. ನಾನು ಅದನ್ನು ಮೊಮ್ಮಗಳಿಗೆ ತೋರಿಸಿ ನೋಡವ್ವಾ ಎನ್ನಲು ಹೊರಟವನು ಸುಮ್ಮನಾದೆ. ಕ್ಷಣದ ಮಟ್ಟಿಗೆ ಆ ಛತ್ರಿಯ ಬಗ್ಗೆ ನನಗೂ ಗಂಟಲು ಕಟ್ಟಿತ್ತು. ಆದರೆ ಕೊಂಡಾಟ ಮುಗಿಯುವುದರೊಳಗೆ ಟಾವರಿನ ಪ್ರಶ್ನೆ ಮಳೆಯಲ್ಲಿ ಕೊಚ್ಚಿಹೋಗಿತ್ತು. ತಾಳ್ಮೆ ದೊಡ್ಡ ಗುಣ, ನಾನು ಅದನ್ನು ಬಿಟ್ಟುಕೊಡಲಾರೆ. ತನ್ನ ನೋವಿಗೆ ತಾನು ತಾಳಿಕೊಳ್ಳುವವನು ಶರಣ. ಇನ್ನೊಬ್ಬರ ನೋವಿಗೆ ತಾಳಿಕೋ ಎಂದು ಹೇಳಿ ಎದ್ದು ಹೋಗುವವನಿಗೆ ಏನೆನ್ನಬೇಕೋ, ನನಗೇ ಆ ಹೆಸರು ಬಂದಿತ್ತಾದ್ದರಿಂದ ಹೇಳಲು ನಾಚಿಕೆ.

ತಮ್ಮನ ಪಾಡು ಅಕ್ಕನಿಗಿಂತ ವಾಸಿಯಾಯಿತು. ಚಂದನ ಟಿವಿಯಲ್ಲಿ ಸಂವೇದ ಪಾಠ ಬರುತ್ತಿತ್ತು, ಕರೆಂಟಿದ್ದರೆ ಸಾಕು. 2020ರ ಆಗಸ್ಟಿನಲ್ಲಿ ವಿದ್ಯಾಗಮ ಎಂದು ಮಾಸ್ತರರೇ ಕೇರಿಗೆ ಬಂದು ಗುಡಿಯ ಕಟ್ಟೆಯ ಮೇಲೆ, ಮರದ ಕೆಳಗೆ ಮಕ್ಕಳನ್ನು ದೂರ ದೂರ ಕೂಡಿಸಿ ಪಾಠ ಹೇಳಿದರು. ಸೋಂಕಿನ ಹೆದರಿಕೆಯಿಂದ ಅಕ್ಟೋಬರಿನಲ್ಲಿ ನಿಂತರೂ ಆ ಎರಡು ತಿಂಗಳು ಹುಡುಗ ಪುಸ್ತಕ ಬಿಡಲಿಲ್ಲ. 2021ರ ಜುಲೈ 19 ಮತ್ತು 22, ಎರಡೇ ದಿನದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಬಂದ. ಹನುಮಂತನ ಗುಡಿಯ ಕಟ್ಟೆಯ ಮೇಲೆ ಕರಿಹಲಗೆ ಒರಗಿಸಿ ಲಸಾಅ ಹೇಳಿಕೊಡುತ್ತಿದ್ದ ಆ ಮಾಸ್ತರರನ್ನು ನೋಡುವಾಗ, ಚೌಸಾದ ಶಿಷ್ಯನಿಗೆ ಕಾಗದ ಬರೆದ ಗುರು ನೆನಪಾಗುತ್ತಿದ್ದರು.

ನಾನು ಮಾಡಿದ್ದು ಹೆಚ್ಚಿಲ್ಲ. ಅವಳು ಹಾಜರಿಯ ಪ್ರಶ್ನೆ ಕೇಳಿದ ಮರುದಿನ ಮೊಮ್ಮಗಳ ಮುಂದೆ ಕುಂತು, "ಯವ್ವಾ, ತಪಸ್ಸಿಗೆ ಹಾಜರಿ ಯಾರೂ ಹಾಕ್ತಿರಲಿಲ್ಲ. ನಾ ತಪ್ಪು ಹೇಳೀನಿ" ಎಂದೆ. ಕಾಲೇಜಿಗೆ ಒಂದು ಅರ್ಜಿ ಬರೆದೆವು, ಅವಳು ಹೇಳಿದಂತೆ ನಾನು ನನ್ನ ಹೆಡ್‌ಮಾಸ್ತರ ಕನ್ನಡದಲ್ಲಿ. ಇಂಥ ದಿನ, ಇಂಥ ಹೊತ್ತು, ಹುಡುಗಿ ಹಾಜರಿದ್ದಳು, ದನಿ ಮುಟ್ಟಿಲ್ಲ, ಊರಲ್ಲಿ ನೆಟ್‌ವರ್ಕಿನ ಸ್ಥಿತಿ ಹೀಗಿದೆ ಎಂದು. ಕೆಳಗೆ ನಾನೂ ಸಾಕ್ಷಿ ಎಂದು ಸಹಿ ಹಾಕಿದೆ. ಉತ್ತರ ಬರಲಿಲ್ಲ. ಆದರೆ ಎರಡು ವಾರದ ಮೇಲೆ ಒಬ್ಬ ಮಾಸ್ತರರು ತಾವಾಗಿಯೇ ಪಾಠದ ರೆಕಾರ್ಡಿಂಗ್ ಕಳಿಸಲು ಶುರು ಮಾಡಿದರು. ಅರ್ಜಿಯಿಂದಲೋ, ಅವರ ಒಳ್ಳೆಯತನದಿಂದಲೋ ಗೊತ್ತಿಲ್ಲ.

ರೆಕಾರ್ಡಿಂಗ್ ದೊಡ್ಡದು, ಹಗಲು ಇಳಿಯುತ್ತಿರಲಿಲ್ಲ. ಊರೆಲ್ಲ ಮಲಗಿದ ಮೇಲೆ ಟಾವರಿನ ಮೇಲೆ ಹೊರೆ ಇಳಿಯುತ್ತದೆ ಎಂದು ಅವಳು ಕಂಡುಕೊಂಡಳು. ನಸುಕಿನ ನಾಲ್ಕರ ಹೊತ್ತಿಗೆ ಅದೇ ಕಲ್ಲಿನ ಮೇಲೆ ಮೂರು ಕಡ್ಡಿ. ನಾನು ಏಳುವ ಹೊತ್ತೂ ಅದೇ, ಬ್ರಾಹ್ಮೀ ಮುಹೂರ್ತ. ಒಬ್ಬಳನ್ನೇ ಕತ್ತಲಲ್ಲಿ ಮಾಳಗಿಗೆ ಕಳಿಸಲು ಮನೆಯಾಕಿ ಒಪ್ಪಲಿಲ್ಲ. ಹಾಗಾಗಿ ನನ್ನ ಪೂಜೆಯೂ ಮೇಲಕ್ಕೆ ಹೋಯಿತು. ಒಂದು ಕಂಬಳಿ ಹಾಸಿಕೊಂಡು ನಾನು ಲಿಂಗ ಹಿಡಿದು ಕೂಡುತ್ತಿದ್ದೆ, ಅವಳು ತುಸು ಆಚೆ ಕಲ್ಲಿನ ಮೇಲೆ ಫೋನು ಇಟ್ಟು, ಮೊಣಕಾಲ ಮೇಲೆ ಗದ್ದ ಊರಿ ಅದನ್ನೇ ನೋಡುತ್ತಿದ್ದಳು. ತೊಗರಿ ಹೊಲದ ಕಡೆಯಿಂದ ತಂಪು ಗಾಳಿ. ಯಾರ ಮನೆಯದೋ ಹುಂಜ. ಇಬ್ಬರೂ ಮಾತಾಡುತ್ತಿರಲಿಲ್ಲ.

ಒಂದು ನಸುಕು ಕಣ್ಣು ತೆರೆದಾಗ ಅವಳ ಮುಖದ ಮೇಲೆ ಫೋನಿನ ಬೆಳಕಿತ್ತು.

"ಬಂತೇನವ್ವಾ?" ಎಂದೆ.

"ಬಂತು ಮುತ್ಯಾ," ಎಂದಳು. "ಅರ್ಧ."